ಮುಖ್ಯವಲ್ಲದ ಮಾತಿಗೆ ಇಡೀ ಆಕಾಶ

ಹಳೆಯ ಹ್ಯಾಮ್ ಒಬ್ಬರ, ಎಂದರೆ ಮನೆಯಲ್ಲೇ ಸ್ವಂತ ರೇಡಿಯೊ ಕೇಂದ್ರ ಇಟ್ಟುಕೊಂಡು ದೂರದವರೊಡನೆ ಮಾತಾಡುವ ಹವ್ಯಾಸಿಯೊಬ್ಬರ, ಲಾಗ್ ಪುಸ್ತಕವನ್ನು ಮೊದಲ ಬಾರಿಗೆ ತೆರೆದವರಿಗೆ ಸಾಮಾನ್ಯವಾಗಿ ನಿರಾಸೆಯಾಗುತ್ತದೆ. ಪುಟದ ತುಂಬ ದಿನಾಂಕ, ಗ್ರೀನ್‌ವಿಚ್ ಸಮಯ, ಬ್ಯಾಂಡ್ (ಬಳಸಿದ ತರಂಗಗಳ ಪಟ್ಟಿ), ಎದುರಿನ ಕೇಂದ್ರದ ಕರೆಸಂಕೇತ, ದನಿ ಹೇಗೆ ಕೇಳಿಸಿತು ಎಂದು ಕೊಟ್ಟ ವರದಿ, ಪಡೆದ ವರದಿ. ಕೊನೆಯ ಅಂಕಣದಲ್ಲಿ ಒಂದು ಹೆಸರು, ಒಂದು ಊರು, ಜಾಗ ಮಿಕ್ಕಿದ್ದರೆ ‘ಹಿಮ ಬೀಳುತ್ತಿದೆ’, ‘ಹೊಸ ಆಂಟೆನಾ’ ಎಂಬಂಥ ಎರಡು ಪದ. ನನಗೆ ಈ ಹವ್ಯಾಸ ಕಲಿಸಿದ ಹಿರಿಯರು ತೀರಿಕೊಂಡ ಮೇಲೆ ಅವರ ಲಾಗ್ ಪುಸ್ತಕಗಳನ್ನೂ, ಮಾತು ನಡೆದದ್ದಕ್ಕೆ ಸಾಕ್ಷಿಯಾಗಿ ಅಂಚೆಯಲ್ಲಿ ಬರುವ ಕ್ಯೂಎಸ್ಎಲ್ ಕಾರ್ಡುಗಳ ಪೆಟ್ಟಿಗೆಗಳನ್ನೂ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಯಲ್ಲಿ ಕೂತಿದ್ದ ಅವರ ಮೊಮ್ಮಗ ಬಹಳ ಹೊತ್ತು ಪುಟ ತಿರುಗಿಸಿ, ಕಾರ್ಡುಗಳ ಹಿಂದುಮುಂದನ್ನೆಲ್ಲ ಓದಿ, ಕೊನೆಗೆ ಕೇಳಿದ: “ತಾತ ಇಷ್ಟು ವರ್ಷ ಪ್ರಪಂಚದ ಮೂಲೆಮೂಲೆಯವರ ಜೊತೆ ಮಾತಾಡಿದ್ದಾರೆ. ಆದರೆ ಯಾರ ಹತ್ತಿರವೂ ಏನೂ ಹೇಳೇ ಇಲ್ಲವಲ್ಲ?” ಅವನ ಮಾತಿನಲ್ಲಿ ಕೊಂಕಿರಲಿಲ್ಲ. ತಾತನನ್ನು ಆ ಪುಟಗಳಲ್ಲಿ ಹುಡುಕಿ ಸಿಗದೆ ಕೇಳಿದ ಪ್ರಶ್ನೆ ಅದು. ಅಲ್ಲಿಂದೀಚೆಗೆ ಅದು ನನ್ನನ್ನು ಬಿಟ್ಟಿಲ್ಲ.

ಹೊರಗಿನವರು ಹೀಗೆ ಕೇಳಿದಾಗ ನಾವು ಹ್ಯಾಮ್‌ಗಳು ಕೊಡುವ ಸಿದ್ಧ ಉತ್ತರಗಳು ಎರಡಿವೆ. ಒಂದು, ಇದರಿಂದ ದೇಶದೇಶಗಳ ನಡುವೆ ಸ್ನೇಹ ಬೆಳೆಯುತ್ತದೆ ಎಂಬುದು. ಇನ್ನೊಂದು, ಭೂಕಂಪ ಪ್ರವಾಹಗಳಲ್ಲಿ ಬೇರೆಲ್ಲ ಸಂಪರ್ಕ ಕಡಿದುಹೋದಾಗ ನಾವು ನೆರವಿಗೆ ಬರುತ್ತೇವೆ ಎಂಬುದು. ಎರಡೂ ನಿಜ. 1985ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊ ನಗರ ಭೂಕಂಪದಿಂದ ನಲುಗಿ ದೂರವಾಣಿ ಕಡಿದುಹೋದಾಗ ಹ್ಯಾಮ್‌ಗಳು ಮಾಡಿದ ಕೆಲಸವನ್ನು ಯಾರೂ ಹಗುರವಾಗಿ ಕಾಣಲಾರರು. ಆದರೆ ಒಬ್ಬ ಮನುಷ್ಯ ಬದುಕಿನುದ್ದಕ್ಕೂ ನಿದ್ದೆಗೆಟ್ಟು ರಿಸೀವರಿನ ಮುಂದೆ ಕೂರುವುದು ಎಂದೋ ಬರಬಹುದಾದ ಭೂಕಂಪದ ಸಲುವಾಗಿ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಹವ್ಯಾಸಕ್ಕೆ ಗೌರವ ಸಿಗಲಿ ಎಂದು ನಾವು ಮುಂದಿಡುವ ಉತ್ತರಗಳಿವು. ಹುಡುಗ ಕೇಳಿದ್ದು ಇವುಗಳಿಗಿಂತ ನೇರವಾದದ್ದನ್ನು. 1920ರ ದಶಕದಿಂದ ಹೆಚ್ಚುಕಡಿಮೆ 1970ರ ದಶಕದ ಕೊನೆಯವರೆಗೆ ಈ ಹವ್ಯಾಸ ಮೆರೆಯಿತಲ್ಲ, ಆ ಮೆರೆತದ ಕಾರಣ ಅವನಿಗೆ ಖಾಲಿಯಾಗಿ ಕಂಡ ಮಾತುಗಳಲ್ಲೇ ಇದೆ ಎಂದು ನನಗೆ ಈಗ ಅನ್ನಿಸುತ್ತದೆ.

ನಿಯಮ ಹೇಳಿದ್ದೂ ಅದನ್ನೇ

ಹ್ಯಾಮ್‌ಗಳು ದೊಡ್ಡ ಮಾತಾಡಲಿಲ್ಲ ಎಂಬುದಕ್ಕೆ ಮೊದಲ ಕಾರಣ, ಅವರು ದೊಡ್ಡ ಮಾತಾಡಕೂಡದು ಎಂದು ನಿಯಮವೇ ಇತ್ತು ಎಂಬುದು. ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿ ದಶಕಗಳ ಕಾಲ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿತ್ತು: ಬೇರೆ ಬೇರೆ ದೇಶಗಳ ಹವ್ಯಾಸಿ ಕೇಂದ್ರಗಳ ನಡುವಿನ ಸಂದೇಶಗಳು ಸರಳ ಭಾಷೆಯಲ್ಲಿರಬೇಕು, ಪ್ರಯೋಗಗಳಿಗೆ ಸಂಬಂಧಪಟ್ಟ ತಾಂತ್ರಿಕ ವಿಷಯಕ್ಕೆ, ಹಾಗೂ ಸಾರ್ವಜನಿಕ ತಂತಿ ಮತ್ತು ದೂರವಾಣಿಯ ಮೊರೆ ಹೋಗುವಷ್ಟು ಮಹತ್ವವಿಲ್ಲದ ವೈಯಕ್ತಿಕ ಮಾತುಗಳಿಗೆ ಮಾತ್ರ ಅವು ಸೀಮಿತವಾಗಿರಬೇಕು. ತಂತಿಯೂ ದೂರವಾಣಿಯೂ ಬಹುತೇಕ ದೇಶಗಳಲ್ಲಿ ಸರಕಾರದ ಕೈಯಲ್ಲಿದ್ದ, ಪದಕ್ಕಿಷ್ಟು ನಿಮಿಷಕ್ಕಿಷ್ಟು ಎಂದು ಹಣ ಎಣಿಸುತ್ತಿದ್ದ ಕಾಲ ಅದು. ಮನೆಯಲ್ಲಿ ಕೂತವನೊಬ್ಬ ಕಾಸು ಕೊಡದೆ ಸಾಗರದಾಚೆಗೆ ಸುದ್ದಿ ಮುಟ್ಟಿಸಿಬಿಟ್ಟರೆ ಆದಾಯಕ್ಕೆ ಕತ್ತರಿ ಬೀಳುತ್ತದೆ ಎಂಬ ಆತಂಕ ಆ ಷರತ್ತಿನ ಹಿಂದಿತ್ತು. ಆದ್ದರಿಂದಲೇ, ಎರಡು ದೇಶಗಳ ನಡುವೆ ವಿಶೇಷ ಒಪ್ಪಂದವಿಲ್ಲದೆ ಮೂರನೆಯವರ ಪರವಾಗಿ ಸಂದೇಶ ಸಾಗಿಸುವುದೂ ನಿಷಿದ್ಧವಾಗಿತ್ತು. ನೆರೆಮನೆಯ ತಾಯಿಯೊಬ್ಬಳು ‘ಪರದೇಶದಲ್ಲಿರುವ ನನ್ನ ಮಗನಿಗೆ ಇಷ್ಟು ಹೇಳಿಬಿಡಿ’ ಎಂದು ಅಂಗಲಾಚಿದರೂ ಬಹುಪಾಲು ದೇಶಗಳ ಹ್ಯಾಮ್‌ಗಳು ಆಗದು ಎನ್ನಬೇಕಿತ್ತು.

ಇದನ್ನು ಓದಿದವರು ಇದೊಂದು ಕಟ್ಟುಪಾಡು ಎಂದುಕೊಳ್ಳುವುದು ಸಹಜ. ಆದರೆ ಅದರ ಪರಿಣಾಮವನ್ನು ನೋಡಿದರೆ ನನಗೆ ಬೇರೆಯದೇ ಕಾಣುತ್ತದೆ. ವ್ಯಾಪಾರ ಹೊರಗುಳಿಯಿತು, ಸುದ್ದಿ ಹೊರಗುಳಿಯಿತು, ಪರರ ಕೆಲಸ ಹೊರಗುಳಿಯಿತು. ರಾಜಕೀಯವನ್ನೂ ಧರ್ಮವನ್ನೂ ಹ್ಯಾಮ್‌ಗಳೇ ವಾಡಿಕೆಯಾಗಿ ದೂರವಿಟ್ಟರು. ಹೀಗೆ ಒಂದೊಂದಾಗಿ ತೆಗೆದುಹಾಕಿದ ಮೇಲೆ ಮಾತಿಗೆ ಉಳಿದದ್ದು ಮೂರೇ: ಈ ತುದಿಯ ಯಂತ್ರ, ಆ ತುದಿಯ ಯಂತ್ರ, ಅವೆರಡರ ನಡುವಿನ ಆಕಾಶ. ಆ ಮೂರರ ಬಗ್ಗೆ ಅವರು ಅರ್ಧ ಶತಮಾನ ಮಾತಾಡಿದರು, ಮತ್ತು ಆ ಮಾತಿನಿಂದ ಜಗತ್ತು ಕಲಿತದ್ದು ಕಡಿಮೆಯೇನಲ್ಲ.

ಬೇಡವಾದ ತರಂಗಗಳು

ಹವ್ಯಾಸಿಗಳಿಗೆ ಸಿಕ್ಕ ಜಾಗವೂ ಹೀಗೆಯೇ ಮುಖ್ಯವಲ್ಲದ್ದು ಎಂದು ಬಿಟ್ಟುಕೊಟ್ಟ ಜಾಗ. 1912ರಲ್ಲಿ ಅಮೆರಿಕ ತನ್ನ ರೇಡಿಯೊ ಕಾಯಿದೆ ತಂದಾಗ ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಡಿಮೆಯ ತರಂಗಾಂತರಕ್ಕೆ ತಳ್ಳಿತು. ತರಂಗಾಂತರ ಹೆಚ್ಚಿದಷ್ಟೂ ದೂರ ಹೆಚ್ಚು ಎಂಬುದು ಆಗಿನ ತಜ್ಞರ ಖಚಿತ ತಿಳಿವಳಿಕೆ. ಸಾಗರ ದಾಟುವ ವಾಣಿಜ್ಯ ಕೇಂದ್ರಗಳು ಸಾವಿರಾರು ಮೀಟರಿನ ತರಂಗಗಳಿಗಾಗಿ ಮೈಲುಗಟ್ಟಲೆ ತಂತಿ ಎಳೆದು ದೈತ್ಯ ಯಂತ್ರಗಳನ್ನು ಕೂರಿಸುತ್ತಿದ್ದವು. ಅವರ ಲೆಕ್ಕದಲ್ಲಿ 200 ಮೀಟರಿನ ಕೆಳಗೆ ಹೋದವನ ದನಿ ಪಕ್ಕದ ಊರು ದಾಟಿದರೆ ಹೆಚ್ಚು. ಹವ್ಯಾಸಿಗಳು ತಮ್ಮಷ್ಟಕ್ಕೆ ತಾವೇ ಸೊರಗಿಹೋಗುತ್ತಾರೆ ಎಂದು ನಂಬಿದ್ದವರೂ ಇದ್ದರು.

ಸೊರಗಲಿಲ್ಲ. 1914ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಎಂಜಿನಿಯರ್ ಮುಂದೆ ನಿಂತು ಕಟ್ಟಿದ ಅಮೆರಿಕನ್ ರೇಡಿಯೊ ರಿಲೇ ಲೀಗ್, ಒಬ್ಬರಿಂದೊಬ್ಬರಿಗೆ ಸಂದೇಶ ದಾಟಿಸುತ್ತ ಖಂಡದ ಈ ತುದಿಯಿಂದ ಆ ತುದಿ ಮುಟ್ಟಿಸುವ ಸರಪಳಿಯನ್ನು ರೂಪಿಸಿತು. ಮೊದಲ ಮಹಾಯುದ್ಧದಲ್ಲಿ ಎಲ್ಲ ಕೇಂದ್ರಗಳೂ ಮುಚ್ಚಿದವು, ಯುದ್ಧ ಮುಗಿದ ಮೇಲೆ ಮತ್ತೆ ತೆರೆದವು. 1921ರ ಕೊನೆಯಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕನ್ ಹವ್ಯಾಸಿಯನ್ನು ಲೀಗ್ ಹಡಗಿನಲ್ಲಿ ಸ್ಕಾಟ್ಲೆಂಡಿಗೆ ಕಳಿಸಿತು. ಆತ ಆರ್ಡ್ರೋಸನ್ ಎಂಬ ಕಡಲತಡಿಯ ಊರಿನಲ್ಲಿ ಡೇರೆ ಹಾಕಿ, ಕಂಬಗಳ ಮೇಲೆ ಉದ್ದನೆಯ ತಂತಿ ಎಳೆದು, ಚಳಿಗಾಳಿಯಲ್ಲಿ ರಾತ್ರಿಗಟ್ಟಲೆ ಕಿವಿಗೊಟ್ಟು ಕೂತರು. ಅಟ್ಲಾಂಟಿಕ್‌ನ ಆಚೆ ದಡದಿಂದ ಹವ್ಯಾಸಿ ಕೇಂದ್ರಗಳು ಒಂದಾದ ಮೇಲೊಂದರಂತೆ ಕೇಳಿಸಿದವು. ಅವುಗಳಲ್ಲಿ ಕನೆಕ್ಟಿಕಟ್ ರಾಜ್ಯದ ಗ್ರೀನಿಚ್‌ನ 1ಬಿಸಿಜಿ ಎಂಬ ಕೇಂದ್ರದ ದನಿ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಅದನ್ನು ಕಟ್ಟಿದವರ ಪೈಕಿ, ಕ್ಷೀಣ ದನಿಯನ್ನೂ ಹಿಡಿಯಬಲ್ಲ ಸೂಪರ್‌ಹೆಟರೋಡೈನ್ ರಿಸೀವರನ್ನು ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕೂಡ ಇದ್ದರು. ಗಾಡ್ಲಿ ಡೇರೆಯಲ್ಲಿ ಇಟ್ಟುಕೊಂಡಿದ್ದದ್ದೂ ಅದೇ ಬಗೆಯ ರಿಸೀವರು.

ಅದು ಒಮ್ಮುಖದ ಕೇಳ್ಮೆ. ಎರಡು ವರ್ಷ ಕಳೆದು 1923ರ ನವೆಂಬರ್ ಕೊನೆಯ ವಾರದಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ದೆಲೊಯ್, ಅಮೆರಿಕದ ಫ್ರೆಡ್ ಶ್ನೆಲ್ ಮತ್ತು ಜಾನ್ ರೈನಾರ್ಟ್ಸ್ ಜೊತೆ ಎರಡೂ ಕಡೆಯಿಂದ ಮಾತಾಡಿದರು. ಈ ಸಲ ಎಲ್ಲರೂ 200 ಮೀಟರ್ ಬಿಟ್ಟು ನೂರರ ಆಸುಪಾಸಿಗೆ ಇಳಿದಿದ್ದರು, ಮತ್ತು ದನಿ ಕುಗ್ಗುವ ಬದಲು ಹಿಗ್ಗಿತ್ತು. ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 1924ರ ಅಕ್ಟೋಬರ್ 18ರಂದು ನ್ಯೂಜಿಲೆಂಡಿನ ಶಾಗ್ ವ್ಯಾಲಿ ಎಂಬ ಕುರಿಗಾವಲಿನ ಸೀಮೆಯಿಂದ ಫ್ರಾಂಕ್ ಬೆಲ್ ಕಳಿಸಿದ, ಚುಕ್ಕೆ ಗೀಟುಗಳ ಮೋರ್ಸ್ ಸಂಕೇತಕ್ಕೆ ಲಂಡನ್ನಿನ ಮಿಲ್ ಹಿಲ್ ಶಾಲೆಯ ವಿದ್ಯಾರ್ಥಿ ಸೆಸಿಲ್ ಗಾಯ್ಡರ್ ಉತ್ತರಿಸಿದ. ಹೆಚ್ಚುಕಡಿಮೆ ಭೂಗೋಳದ ಎರಡು ವಿರುದ್ಧ ಬಿಂದುಗಳು ಅವು; ಅದಕ್ಕಿಂತ ದೂರ ಹೋಗಬೇಕೆಂದರೆ ಭೂಮಿಯಲ್ಲಿ ಜಾಗವೇ ಉಳಿದಿರಲಿಲ್ಲ. ಮುಂದೆ ಆ ಕೇಂದ್ರವನ್ನು ಫ್ರಾಂಕ್‌ರ ಸೋದರಿ ಬ್ರೆಂಡಾ ಬೆಲ್ ನಡೆಸಿಕೊಂಡು ಹೋದರು. ಅದೇ ವರ್ಷದ ಕೊನೆಯಲ್ಲಿ ಎಡ್ವರ್ಡ್ ಆಪಲ್‌ಟನ್ ರೇಡಿಯೊ ಅಲೆಗಳನ್ನು ಹಿಂದಕ್ಕೆ ಕಳಿಸುವ ಪದರವೊಂದು ಮೇಲೆ ಇದೆ ಎಂಬುದನ್ನು ಪ್ರಯೋಗದಿಂದ ತೋರಿಸಿದರು. ಆ ಕೆಲಸಕ್ಕೆ ಅವರಿಗೆ 1947ರಲ್ಲಿ ನೊಬೆಲ್ ಬಂತು. ಹವ್ಯಾಸಿಗಳು ಕಾರಣ ತಿಳಿಯುವ ಮೊದಲೇ ಆ ಪದರದ ಮೇಲೆ ಓಡಾಡಿ ಬಂದಿದ್ದರು.

ಇಲ್ಲಿಯೇ ಇನ್ನೊಂದು ಪ್ರಸಂಗ ಹೇಳಬೇಕು. 1928ರ ಮೇ 25ರಂದು ಉಂಬೆರ್ತೊ ನೋಬಿಲೆ ನೇತೃತ್ವದ ‘ಇಟಾಲಿಯಾ’ ಎಂಬ ವಾಯುನೌಕೆ ಉತ್ತರ ಧ್ರುವದಿಂದ ಮರಳುವಾಗ ಹಿಮದ ಮೇಲೆ ಅಪ್ಪಳಿಸಿತು. ಬದುಕುಳಿದವರ ಬಳಿ ಒಂದು ಪುಟ್ಟ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಇತ್ತು. ಅದರಿಂದ ದಿನಗಟ್ಟಲೆ ಸಹಾಯಕ್ಕಾಗಿ ಕರೆದರೂ ಕೆಲವೇ ನೂರು ಕಿಲೋಮೀಟರ್ ದೂರದಲ್ಲಿ ನಿಂತಿದ್ದ ಅವರದೇ ನೆರವಿನ ಹಡಗಿಗೆ ಕೇಳಿಸಲಿಲ್ಲ. ಜೂನ್ 3ರಂದು ಅದನ್ನು ಹಿಡಿದದ್ದು ಎರಡು ಸಾವಿರ ಕಿಲೋಮೀಟರಿಗೂ ಆಚೆ, ರಷ್ಯದ ಹಳ್ಳಿಯೊಂದರಲ್ಲಿ ಸ್ವಂತ ಕೈಯಿಂದ ಮಾಡಿದ ರಿಸೀವರಿನೊಡನೆ ಕೂತಿದ್ದ ನಿಕೊಲಾಯ್ ಶ್ಮಿತ್ ಎಂಬ ಹವ್ಯಾಸಿ. ಶಾರ್ಟ್‌ವೇವ್ ಬಳಸುವವರೆಲ್ಲ ಬಲ್ಲ ಸಂಗತಿ ಇದು: ಆಕಾಶಕ್ಕೆ ಏರಿದ ಅಲೆ ಹತ್ತಿರದವರ ತಲೆಯ ಮೇಲಿಂದ ಹಾದು ದೂರದಲ್ಲಿ ಇಳಿಯುತ್ತದೆ, ನಡುವಿನವರಿಗೆ ಅದು ಇಲ್ಲವೇ ಇಲ್ಲ. ಹಾಗೆ ಇಳಿದ ಕಡೆಯಲ್ಲಿ ಯಾವ ಕೆಲಸಕ್ಕೂ ಅಲ್ಲದೆ ಸುಮ್ಮನೆ ಕಿವಿಗೊಟ್ಟು ಕೂತ ಒಬ್ಬ ಮನುಷ್ಯ ಇರಬೇಕಾಗಿತ್ತು, ಇದ್ದ.

ಐದು, ಏಳು, ಒಂಬತ್ತು

ಹುಡುಗನಿಗೆ ಅರ್ಥಹೀನವಾಗಿ ಕಂಡ ಅಂಕಗಳ ವಿಷಯಕ್ಕೆ ಬರುತ್ತೇನೆ. ಹ್ಯಾಮ್‌ಗಳು ಪರಸ್ಪರ ಕೊಡುವ ವರದಿಯಲ್ಲಿ ಮೂರು ಅಂಕೆಗಳಿರುತ್ತವೆ. ಮೊದಲನೆಯದು ಎಷ್ಟು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದಕ್ಕೆ ಒಂದರಿಂದ ಐದು. ಎರಡನೆಯದು ಎಷ್ಟು ಬಲವಾಗಿದೆ ಎಂಬುದಕ್ಕೆ ಒಂದರಿಂದ ಒಂಬತ್ತು. ಮೂರನೆಯದು ಮೋರ್ಸ್ ನಾದ ಎಷ್ಟು ಶುದ್ಧ ಎಂಬುದಕ್ಕೆ ಒಂದರಿಂದ ಒಂಬತ್ತು. 1934ರಲ್ಲಿ ರೂಪುಗೊಂಡ ಪದ್ಧತಿ ಇದು. ಇದರ ಬೆಲೆ ತಿಳಿಯಬೇಕಾದರೆ ಒಂದು ಸಂಗತಿ ನೆನಪಿಡಬೇಕು: ನನ್ನ ಸಂಕೇತ ದೂರದಲ್ಲಿ ಹೇಗೆ ಕೇಳಿಸುತ್ತಿದೆ ಎಂಬುದು ನನಗೆ ಎಂದಿಗೂ ಕೇಳಿಸುವುದಿಲ್ಲ. ವಿದ್ಯುತ್ ಪೂರೈಕೆಯ ಗುಂಯ್‌ಗುಡುವಿಕೆ ನಾದದಲ್ಲಿ ಬೆರೆತಿದೆಯೇ, ಮೋರ್ಸ್ ಕಳಿಸುವ ಕೀ ಒತ್ತಿದ ಕ್ಷಣ ಆವರ್ತನ ಜಾರಿ ಹಕ್ಕಿಯ ಚಿಲಿಪಿಲಿಯಂತಾಗುತ್ತಿದೆಯೇ, ನಡುನಡುವೆ ದನಿ ಮುಳುಗುತ್ತಿದೆಯೇ ಎಂಬುದನ್ನು ಇನ್ನೊಬ್ಬರು ಕೇಳಿ ಹೇಳಬೇಕು. ಯಂತ್ರವನ್ನು ತಾನೇ ಕಟ್ಟಿದವನಿಗೆ ಈ ಮೂರು ಅಂಕೆಗಳಿಗಿಂತ ಮುಖ್ಯವಾದ ಸುದ್ದಿ ಆ ರಾತ್ರಿ ಬೇರೊಂದಿರಲಾರದು. ನಾದಕ್ಕೆ ಒಂಬತ್ತರ ಬದಲು ಏಳು ಬಂದರೆ ಮರುದಿನ ಬೆಸುಗೆಯ ಕಡ್ಡಿ ಕಾಯುತ್ತಿತ್ತು.

ಆ ಹಿರಿಯರು ನನಗೆ ಬಹಳ ಕಾಲ ಕೀ ಮುಟ್ಟಗೊಡಲಿಲ್ಲ. ಕೇಳುವುದೇ ಕಲಿಕೆ ಎನ್ನುತ್ತಿದ್ದರು. ಅವರ ರೇಡಿಯೊ ಕೋಣೆಯಲ್ಲಿ ರಿಸೀವರಿನ ಡಯಲ್ ದೀಪ ಬಿಟ್ಟರೆ ಬೇರೆ ಬೆಳಕಿರುತ್ತಿರಲಿಲ್ಲ. ಕಾದ ವಾಲ್ವುಗಳ (ಹಳೆಯ ರೇಡಿಯೊಗಳ ಗಾಜಿನ ಕೊಳವೆಗಳ) ಮೇಲೆ ಕೂತ ಧೂಳಿನ ವಾಸನೆ ಕೋಣೆಯನ್ನೆಲ್ಲ ತುಂಬಿರುತ್ತಿತ್ತು. ಒಂದು ಬೆಳಗಿನ ಜಾವ 20 ಮೀಟರ್ ಬ್ಯಾಂಡಿನಲ್ಲಿ ಅರ್ಜೆಂಟೀನಾದ ಕೇಂದ್ರವೊಂದು ಸಿಕ್ಯೂ, ಎಂದರೆ ಯಾರಾದರೂ ಉತ್ತರಿಸಿ ಎಂದು, ಕರೆಯುತ್ತಿತ್ತು. ಅವರು ಹೆಡ್‌ಫೋನಿನ ಒಂದು ಬಟ್ಟಲನ್ನು ನನ್ನ ಕಿವಿಗೆ ಹಿಡಿದು, “ಅಕ್ಷರ ಬಿಡು, ಅಕ್ಷರದ ಬೆನ್ನಿಗೆ ಏನು ಬರುತ್ತಿದೆ ಕೇಳು” ಎಂದರು. ಮೊದಲು ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪ್ರತಿ ಚುಕ್ಕೆಯ ಹಿಂದೆ ಕ್ಷೀಣವಾದ ಇನ್ನೊಂದು ಚುಕ್ಕೆ ಓಡಿಬರುತ್ತಿರುವುದು ಕೇಳಿಸಿತು, ಒಬ್ಬನೇ ಮನುಷ್ಯ ಎರಡು ಕೈಯಲ್ಲಿ ಒಂದರ ಹಿಂದೊಂದು ಕೀ ಒತ್ತುತ್ತಿರುವ ಹಾಗೆ. “ಮೊದಲನೆಯದು ಹತ್ತಿರದ ದಾರಿಯಲ್ಲಿ ಬಂತು. ಎರಡನೆಯದು ಭೂಮಿಯ ಬೆನ್ನ ಕಡೆಯಿಂದ ಸುತ್ತಿಕೊಂಡು ಬಂತು” ಎಂದರು. ಆಮೇಲೆ ಆಂಟೆನಾವನ್ನು ನಿಧಾನವಾಗಿ ವಿರುದ್ಧ ದಿಕ್ಕಿಗೆ ತಿರುಗಿಸಿದರು. ತಿರುಗಿದಂತೆಲ್ಲ ಮುಂದಿನ ದನಿ ಕುಗ್ಗುತ್ತ ಹಿಂದಿನದು ಬಲಗೊಳ್ಳುತ್ತ ಹೋಗಿ, ಒಂದು ಹಂತದಲ್ಲಿ ಎರಡೂ ಸಮಸಮವಾದವು. ಬೆಳಕಿನ ವೇಗದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಲು ಸೆಕೆಂಡಿನ ಸುಮಾರು ಏಳನೆಯ ಒಂದು ಭಾಗ ಸಾಕು. ಎರಡು ದಾರಿಗಳ ವ್ಯತ್ಯಾಸ ಅದಕ್ಕಿಂತಲೂ ಕಡಿಮೆ. ಅಷ್ಟು ಕಿರಿದಾದ ಕಾಲವನ್ನು ಕಿವಿ ಹಿಡಿಯಬಲ್ಲದು ಎಂಬುದು ನನಗೆ ಗೊತ್ತಿರಲಿಲ್ಲ. ಭೂಮಿ ದುಂಡಗಿದೆ ಎಂದು ಪುಸ್ತಕದಲ್ಲಿ ಓದಿದ್ದೆ. ಆ ಜಾವ ಅದನ್ನು ಕೇಳಿದೆ.

ಅವರು ಕೀ ಒತ್ತಿ ಆ ಕೇಂದ್ರಕ್ಕೆ ಉತ್ತರಿಸಿದರು. ವರದಿ 579, ಹೆಸರು, ಊರು, ನಿಮ್ಮ ಸಂಕೇತದ ಮೇಲೆ ಪ್ರತಿಧ್ವನಿ ಇದೆ ಎಂದರು. ನಿಮ್ಮದರ ಮೇಲೂ ಇದೆ ಎಂದು ಆತ ಹೇಳಿದ. ಇಬ್ಬರೂ ಆಂಟೆನಾ ತಿರುಗಿಸುತ್ತ ಯಾವ ಕೋನದಲ್ಲಿ ಯಾವ ದನಿ ಗಟ್ಟಿ ಎಂದು ಹೇಳಿಕೊಂಡರು, ಅದು ಮುಗಿಯುವಷ್ಟರಲ್ಲಿ ಹಿಂದಿನ ದಾರಿ ಮುಚ್ಚಿಹೋಗಿತ್ತು, ಶುಭಾಶಯದ ಸಂಕೇತವಾದ 73 ಹೇಳಿ ಬೀಳ್ಕೊಂಡರು. ಹಿರಿಯರು ಲಾಗ್ ಪುಸ್ತಕದ ಕೊನೆಯ ಅಂಕಣದಲ್ಲಿ ‘ಪ್ರತಿಧ್ವನಿ’ ಎಂದು ಒಂದೇ ಪದ ಬರೆದು ಪೆನ್ನು ಮುಚ್ಚಿದರು. ಬರೆದಿಟ್ಟದ್ದು ಅಷ್ಟೇ ಆದ್ದರಿಂದ ಓದಿದವರಿಗೆ ಸಿಗುವುದೂ ಅಷ್ಟೇ.

ಹೀಗೆ ಕೇಳುವ ಕಿವಿ ಇದ್ದವರಲ್ಲಿ ಕೆಲವರು ಹವ್ಯಾಸದ ಬೇಲಿಯನ್ನೇ ದಾಟಿದರು. ಗ್ರೋಟ್ ರೀಬರ್ ಎಂಬ ಅಮೆರಿಕನ್ ಹ್ಯಾಮ್ ಹದಿಹರೆಯದಲ್ಲೇ ಪರವಾನಗಿ ಪಡೆದು ದೂರದೂರದ ದೇಶಗಳನ್ನೆಲ್ಲ ಮಾತಾಡಿಸಿ ಮುಗಿಸಿದವರು. ಮುಂದೇನು ಎಂಬ ತಹತಹದಲ್ಲಿ ಅವರು 1937ರಲ್ಲಿ ಇಲಿನಾಯ್ ರಾಜ್ಯದ ವೀಟನ್‌ನ ತಮ್ಮ ಮನೆಯ ಪಕ್ಕದಲ್ಲೇ 9 ಮೀಟರಿಗೂ ಮಿಕ್ಕಿದ ಅಗಲದ ತಟ್ಟೆಯೊಂದನ್ನು ಸ್ವಂತ ಖರ್ಚಿನಲ್ಲಿ ಕಟ್ಟಿ ನಕ್ಷತ್ರಲೋಕಕ್ಕೆ ಕಿವಿಗೊಟ್ಟರು. ಸುಮಾರು ಹತ್ತು ವರ್ಷ ಕಾಲ ಜಗತ್ತಿನಲ್ಲಿ ರೇಡಿಯೊ ಖಗೋಳವಿಜ್ಞಾನ ಎಂದರೆ ಅವರೊಬ್ಬರೇ ಎನ್ನುವಂತಿತ್ತು. ಆಕಾಶದಿಂದ ಬಂದ ಆ ದನಿಗಳ ಮೊದಲ ನಕ್ಷೆ ಬಂದದ್ದು ಅವರ ತಟ್ಟೆಯಿಂದ.

ಸೂರ್ಯ ಕೊಟ್ಟ ಎರಡು ವರ್ಷ

ಎರಡನೆಯ ಮಹಾಯುದ್ಧ ಮುಗಿದ ನಂತರದ ಮೂರು ದಶಕಗಳನ್ನು ಈ ಹವ್ಯಾಸದ ತುಂಬುಗಾಲ ಎಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಸೇನೆಗಳು ಬೇಡವೆಂದು ಮಾರಿದ ರಿಸೀವರುಗಳು, ಕ್ರಿಸ್ಟಲ್‌ಗಳು, 807 ಎಂಬ ಬಗೆಯ ವಾಲ್ವುಗಳು ಅಗ್ಗಕ್ಕೆ ಸಿಕ್ಕವು. ಯುದ್ಧದಲ್ಲಿ ಮೋರ್ಸ್ ಕಲಿತು ಬಂದ ಯುವಕರು ಕೈಗೊಂದು ಕೀ ಹುಡುಕುತ್ತಿದ್ದರು. ಅಮೆರಿಕ 1951ರಲ್ಲಿ ಹೊಸಬರಿಗೆಂದೇ ನಿಮಿಷಕ್ಕೆ ಐದು ಪದದ ಮೋರ್ಸ್ ಪರೀಕ್ಷೆಯ, 75 ವ್ಯಾಟ್ ಮಿತಿಯ ನೊವಿಸ್ ಪರವಾನಗಿ ತಂದಿತು. ಜಪಾನಿನಲ್ಲಿ ಯುದ್ಧಾನಂತರದ ಹವ್ಯಾಸಿ ಪರವಾನಗಿಗಳು 1952ರಲ್ಲಿ ಮತ್ತೆ ಆರಂಭವಾದವು. ಹೀತ್‌ಕಿಟ್‌ನಂಥ ಕಂಪನಿಗಳು ಬಿಡಿಭಾಗಗಳನ್ನೂ ಹೆಜ್ಜೆಹೆಜ್ಜೆಯ ವಿವರಣೆಯನ್ನೂ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿದ್ದವು. ಒಂದೊಂದು ಬೆಸುಗೆ ಮುಗಿದ ಹಾಗೂ ಪುಸ್ತಕದಲ್ಲಿ ಗುರುತು ಹಾಕುತ್ತ ಹೋದರೆ ಕೊನೆಗೊಂದು ಟ್ರಾನ್ಸ್‌ಮಿಟರ್ ಮೇಜಿನ ಮೇಲಿರುತ್ತಿತ್ತು. ಅದನ್ನು ಶ್ರುತಿಗೊಳಿಸುವುದು ಮತ್ತೊಂದು ವಿದ್ಯೆ. ಮೀಟರಿನ ಮುಳ್ಳನ್ನು ನೋಡುತ್ತ ಕೆಪಾಸಿಟರನ್ನು ಕೂದಲೆಳೆಯಷ್ಟು ತಿರುಗಿಸಬೇಕು, ವಾಲ್ವಿನ ಕರೆಂಟು ಒಂದೆಡೆ ಥಟ್ಟನೆ ಕುಸಿಯುತ್ತದೆ, ಅನುರಣನ ಸಿಕ್ಕಿತೆಂದು ಅರ್ಥ; ಆಮೇಲೆ ಆಂಟೆನಾದ ಹೊರೆಯನ್ನು ಸ್ವಲ್ಪ ಏರಿಸಿ ಮತ್ತೆ ಕುಸಿತ ಹುಡುಕಬೇಕು. ತಡಮಾಡಿದರೆ ವಾಲ್ವಿನ ತಗಡು ಕೆಂಪಗೆ ಕಾಯುವುದು ಕಣ್ಣಿಗೇ ಕಾಣುತ್ತದೆ. ಪುಸ್ತಕದ ಸೂತ್ರವೂ ಬೆರಳ ತುದಿಯೂ ಒಂದೇ ಕ್ಷಣದಲ್ಲಿ ಕೆಲಸ ಮಾಡುವ ಇಂಥ ಜಾಗಗಳು ಇಂದಿನ ಯಂತ್ರಗಳಲ್ಲಿ ಇಲ್ಲ, ಮತ್ತು ಅವು ಇಲ್ಲದಿರುವುದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ.

ಇಷ್ಟೆಲ್ಲ ಸಿದ್ಧವಾಗಿದ್ದ ಹೊತ್ತಿಗೆ ಸೂರ್ಯನೂ ಕೈಜೋಡಿಸಿದ. ಸೌರಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಅವು ಹೆಚ್ಚಿದಾಗ ರೇಡಿಯೊ ಅಲೆಗಳನ್ನು ಹಿಂದಕ್ಕೆ ಕಳಿಸುವ ಮೇಲಿನ ಪದರಗಳಾದ ಅಯಾನುಗೋಳ ದಟ್ಟವಾಗಿ, ಸಾಮಾನ್ಯ ದಿನಗಳಲ್ಲಿ ಆಕಾಶವನ್ನು ತೂರಿ ಹೊರಟುಹೋಗುವ 10 ಮೀಟರಿನ ಅಲೆಗಳೂ ಬಾಗಿ ಮರಳುತ್ತವೆ. 1957-58ರಲ್ಲಿ ತುದಿ ಮುಟ್ಟಿದ ಹತ್ತೊಂಬತ್ತನೆಯ ಚಕ್ರಕ್ಕೆ ಸಮನಾದದ್ದು ಎಣಿಕೆ ಆರಂಭವಾದಾಗಿನಿಂದ ಇನ್ನೊಂದು ಬಂದಿಲ್ಲ. ಕೆಲವೇ ವ್ಯಾಟ್‌ಗಳ ಪುಟ್ಟ ಯಂತ್ರ, ಸಾಧಾರಣ ತಂತಿಯ ಆಂಟೆನಾ ಇದ್ದವರೂ ಹಗಲು ಹೊತ್ತಿನಲ್ಲಿ ಖಂಡಾಂತರದ ಕೇಂದ್ರಗಳೊಡನೆ ನೆರೆಯವರೊಡನೆ ಆಡಿದಂತೆ ಮಾತಾಡಿದರು. ವಿಜ್ಞಾನಿಗಳು ಅದೇ ಅವಧಿಯನ್ನು ಅಂತರರಾಷ್ಟ್ರೀಯ ಭೂಭೌತ ವರ್ಷವಾಗಿ ಆರಿಸಿಕೊಂಡಿದ್ದರು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿ 20.005 ಮೆಗಾಹರ್ಟ್ಸ್‌ನಲ್ಲಿ ಬೀಪ್‌ಗುಡತೊಡಗಿದಾಗ ಅದನ್ನು ಹಿಡಿಯಬಲ್ಲ ರಿಸೀವರುಗಳೂ ತಾಳ್ಮೆಯ ಕಿವಿಗಳೂ ಜಗತ್ತಿನಾದ್ಯಂತ ಮೊದಲೇ ಅಣಿಯಾಗಿದ್ದವು. ಅವುಗಳಲ್ಲಿ ದೊಡ್ಡ ಪಾಲು ಹವ್ಯಾಸಿಗಳದು.

ನಾಲ್ಕು ವರ್ಷದ ಮೇಲೆ ಹವ್ಯಾಸಿಗಳದೇ ಉಪಗ್ರಹ ಹೊರಟಿತು. 1961ರ ಡಿಸೆಂಬರ್ 12ರಂದು ಅಮೆರಿಕದ ಸೇನಾ ರಾಕೆಟ್ಟೊಂದರಲ್ಲಿ ತೂಕ ಸರಿದೂಗಿಸಲು ಇಡುತ್ತಿದ್ದ ಲೋಹದ ತುಂಡಿನ ಜಾಗದಲ್ಲಿ ಸುಮಾರು ನಾಲ್ಕೂವರೆ ಕಿಲೊ ತೂಕದ ಆಸ್ಕರ್-1 ಕೂತು ಕಕ್ಷೆ ಸೇರಿತು. ಅದು ಮೋರ್ಸ್‌ನಲ್ಲಿ ಹೇಳುತ್ತಿದ್ದದ್ದು ‘ಹಾಯ್’ ಎಂಬ ಒಂದೇ ಮಾತು. ಆದರೆ ಆ ಮಾತಿನ ವೇಗ ಉಪಗ್ರಹದೊಳಗಿನ ತಾಪಮಾನಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಕೈಯಲ್ಲಿ ಗಡಿಯಾರ ಹಿಡಿದು ಹತ್ತು ‘ಹಾಯ್’ಗಳಿಗೆ ಎಷ್ಟು ಹೊತ್ತಾಯಿತು ಎಂದು ಎಣಿಸಿದವರಿಗೆ ಅದರ ಒಡಲು ಎಷ್ಟು ಬಿಸಿಯಾಗಿದೆ ಎಂಬುದು ತಿಳಿಯುತ್ತಿತ್ತು. 28 ದೇಶಗಳ ನೂರಾರು ಹ್ಯಾಮ್‌ಗಳು ಹಾಗೆ ಎಣಿಸಿ ವರದಿ ಕಳಿಸಿದರು. ಈ ಹವ್ಯಾಸದ ಇಡೀ ಸ್ವಭಾವ ಆ ಪುಟ್ಟ ಪೆಟ್ಟಿಗೆಯಲ್ಲಿತ್ತು ಎಂದು ನನಗೆ ತೋರುತ್ತದೆ: ಆಡಿದ ಮಾತಿನಲ್ಲಿ ಏನೂ ಇಲ್ಲ, ಆಡಿದ ಬಗೆಯಲ್ಲಿ ಎಲ್ಲವೂ ಇದೆ.

(ಕಹಿಯೂ ಇತ್ತು. ಟಿವಿ ಮನೆಮನೆಗೆ ಬಂದ ಹೊಸತರಲ್ಲಿ ಹ್ಯಾಮ್ ಕೀ ಒತ್ತಿದೊಡನೆ ಪಕ್ಕದ ಮನೆಯ ಪರದೆಯ ಮೇಲೆ ಗೆರೆಗಳೇಳುತ್ತಿದ್ದವು. ತಪ್ಪು ಅನೇಕ ಸಲ ಟಿವಿಯದೇ ಆಗಿದ್ದರೂ ದೂರು ಬರುತ್ತಿದ್ದದ್ದು ಆಂಟೆನಾ ಕಾಣುವ ಮನೆಯ ಮೇಲೆ. ಫಿಲ್ಟರ್ ಕಟ್ಟಿ, ಟ್ರಾನ್ಸ್‌ಮಿಟರಿಗೆ ಲೋಹದ ಹೊದಿಕೆ ಹಾಕಿ, ಅದೂ ಸಾಲದಾದಾಗ ನೆರೆಯವರು ಮಲಗುವವರೆಗೆ ಕಾದು ಕೂತ ಹ್ಯಾಮ್‌ಗಳು ಎಷ್ಟೋ ಮಂದಿ.)

ಅಂಚೆಪೆಟ್ಟಿಗೆ 88

ಮುಖ್ಯವಲ್ಲದ ಮಾತು ಮಾಡಿದ ಇನ್ನೊಂದು ಕೆಲಸವಿದೆ. ಅದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಯಾವುದೇ ಹ್ಯಾಮ್‌ಗೆ ಕಾರ್ಡು ಕಳಿಸಬೇಕಾದರೂ ವಿಳಾಸ ಒಂದೇ: ಬಾಕ್ಸ್ 88, ಮಾಸ್ಕೊ. ಆತ ಬಾಲ್ಟಿಕ್ ತೀರದವನಿರಲಿ, ಸೈಬೀರಿಯದವನಿರಲಿ, ಮಧ್ಯ ಏಷ್ಯಾದವನಿರಲಿ, ಕಾರ್ಡು ಅಲ್ಲಿಗೇ ಹೋಗಿ ಅಲ್ಲಿಂದಲೇ ಬರಬೇಕು. ಇಂಥ ವ್ಯವಸ್ಥೆಯಲ್ಲಿ ಯಾರೂ ಯಾವ ಗುಟ್ಟನ್ನೂ ಹೇಳುವಂತಿರಲಿಲ್ಲ. ಹೆಸರು, ಊರು, ವರದಿ, ಯಂತ್ರ, ಆಂಟೆನಾ, ಹವೆ. ಅಷ್ಟರಲ್ಲೇ ಇರಬೇಕಾಗಿದ್ದರಿಂದಲೇ ಎರಡೂ ಬಣಗಳ ನಡುವೆ, ಎಷ್ಟೇ ಬಿಗುವಿನ ದಿನಗಳಲ್ಲೂ, ಆ ಮಾತು ಸಾಗಿತು. ಮಹತ್ವದ ಮಾತಾಡುವ ಹಕ್ಕು ಇದ್ದಿದ್ದರೆ ಸರಕಾರಗಳು ಮೊದಲು ಮುಚ್ಚುತ್ತಿದ್ದದ್ದು ಅದನ್ನೇ. ಹಿರಿಯರ ಪೆಟ್ಟಿಗೆಯಲ್ಲಿದ್ದ ಸೋವಿಯತ್ ಕಾರ್ಡುಗಳಲ್ಲಿ ಒಂದರ ಹಿಂದೆ, ಅಚ್ಚಾದ ವಿವರಗಳ ಕೆಳಗೆ, ಪೆನ್ಸಿಲಿನಲ್ಲಿ ಆಂಟೆನಾದ ಪುಟ್ಟ ಚಿತ್ರವೊಂದನ್ನು ಬರೆದು ಪ್ರತಿ ತುಂಡಿನ ಉದ್ದವನ್ನೂ ಗುರುತಿಸಿತ್ತು. ತಾನು ಕಟ್ಟಿಕೊಂಡದ್ದನ್ನು ನೀನೂ ಕಟ್ಟಿಕೊ ಎಂದು ಆತ ಕಳಿಸಿದ್ದ. ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ.

ದೊಡ್ಡವರು ಚಿಕ್ಕವರು ಎಂಬುದೂ ಅಲ್ಲಿ ಕರಗುತ್ತಿತ್ತು. ಜೋರ್ಡಾನಿನ ದೊರೆ ಹುಸೇನ್ ಜೆವೈ1 ಎಂಬ ಕರೆಸಂಕೇತದಿಂದ ಬ್ಯಾಂಡಿಗೆ ಬರುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದೂ ಹೆಸರು, ಊರು, ವರದಿಯೇ. ಕಠ್ಮಂಡುವಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜೆಸ್ಯುಯಿಟ್ ಪಾದ್ರಿ ಮಾರ್ಷಲ್ ಮೊರಾನ್ 9ಎನ್1ಎಂಎಂ ಎಂಬ ಕರೆಸಂಕೇತದಲ್ಲಿ 1960ರ ದಶಕದಿಂದ 1992ರಲ್ಲಿ ತೀರಿಕೊಳ್ಳುವವರೆಗೆ ಮಾತಾಡಿದರು. ಬಹಳ ಕಾಲ ರೇಡಿಯೊ ಲೋಕಕ್ಕೆ ನೇಪಾಳ ಎಂದರೆ ಅವರ ದನಿಯೇ ಆಗಿತ್ತು. ಅವರನ್ನು ಕರೆಯಲು ಮುಗಿಬೀಳುತ್ತಿದ್ದ ಸಾವಿರಾರು ಜನರಿಗೆ ನೂರು ದೇಶಗಳ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗುವುದೇ ಮುಖ್ಯವಾಗಿತ್ತು ಎಂಬುದು ನಿಜ. ಪಟ್ಟಿ ಬೆಳೆಸುವ ಈ ಚಪಲ ಹವ್ಯಾಸದ ತುಂಬುಗಾಲವನ್ನು ಎಷ್ಟು ಬೆಳೆಸಿತೋ ಅಷ್ಟೇ ತೆಳುವಾಗಿಸಿತು ಎಂಬುದು ನನ್ನ ಅಭಿಪ್ರಾಯ. ಕೇಳಿ ತಿಳಿದು ವರದಿ ಕೊಡುವ ಬದಲು ಎಲ್ಲರಿಗೂ 599 ಎಂದು ಒಂದೇ ವರದಿ ಒಗೆಯುವ ಅಭ್ಯಾಸ ಅಲ್ಲಿಂದಲೇ ಬಂತು.

ಸಂಖ್ಯೆ ಹೆಚ್ಚಿತು, ಕಾಲ ಮುಗಿಯಿತು

ತುಂಬುಗಾಲ ಯಾವಾಗ ಮುಗಿಯಿತು ಎಂಬುದಕ್ಕೆ ಪರವಾನಗಿಗಳ ಎಣಿಕೆ ಸರಿಯಾದ ಉತ್ತರ ಕೊಡುವುದಿಲ್ಲ. ಜಪಾನಿನಲ್ಲಿ ಹವ್ಯಾಸಿ ಕೇಂದ್ರಗಳ ಸಂಖ್ಯೆ ಹದಿಮೂರು ಲಕ್ಷ ಮೀರಿ ತುದಿ ಮುಟ್ಟಿದ್ದು 1995ರಲ್ಲಿ. ಆದರೆ ಅಷ್ಟರೊಳಗೆ ಒಳಗಿನ ಹುರುಪು ಬೇರೆ ಕಡೆ ಹೊರಟುಹೋಗಿತ್ತು. ಜಪಾನಿನಿಂದ ಬಂದ ಯಾಸು, ಕೆನ್‌ವುಡ್ ಸೆಟ್ಟುಗಳು 1970ರ ದಶಕದಲ್ಲಿ ಮೇಜಿನ ಮೇಲಿದ್ದ ಹಲವು ಪೆಟ್ಟಿಗೆಗಳನ್ನು ಒಂದಾಗಿಸಿದವು, ಕಟ್ಟುವವರು ಕೊಳ್ಳುವವರಾದರು. ಬೆಸುಗೆಯ ಹುಚ್ಚಿದ್ದ ಹುಡುಗರನ್ನು 1980ರ ಹೊತ್ತಿಗೆ ಮನೆಯ ಕಂಪ್ಯೂಟರು ಸೆಳೆಯಿತು. ಹೀತ್‌ಕಿಟ್ 1992ರಲ್ಲಿ ಕಿಟ್ ಮಾಡುವುದನ್ನೇ ನಿಲ್ಲಿಸಿತು. ಸಮುದ್ರದಡಿಯ ಕೇಬಲ್ಲು, ಉಪಗ್ರಹ, ಆಮೇಲೆ ಇಂಟರ್ನೆಟ್ ಬಂದು, ದೂರದವರೊಡನೆ ಮಾತಾಡುವುದು ಸಾಧನೆಯಾಗಿ ಉಳಿಯಲಿಲ್ಲ.

2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಈಗ ಬ್ಯಾಂಡುಗಳನ್ನು ಆಳುತ್ತಿದೆ. ಅದನ್ನು ರೂಪಿಸಿದವರಲ್ಲಿ ಒಬ್ಬರು, 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ, ಚಿಕ್ಕಂದಿನಿಂದ ಹ್ಯಾಮ್ ಆಗಿರುವ ಜೋ ಟೇಲರ್. ಹದಿನೈದು ಸೆಕೆಂಡಿನ ಸರದಿಯಲ್ಲಿ ಎರಡು ಕಂಪ್ಯೂಟರುಗಳು ಕರೆಸಂಕೇತ, ಜಾಗದ ಗುರುತು, ವರದಿ ಕೊಟ್ಟುಕೊಂಡು 73 ಎನ್ನುತ್ತವೆ. ಮನುಷ್ಯನ ಕಿವಿಗೆ ಸದ್ದಿನಲ್ಲಿ ಮುಳುಗಿಹೋದ ಸಂಕೇತವೂ ಅವುಗಳಿಗೆ ಸಿಗುತ್ತದೆ. ಇದು ಹವ್ಯಾಸದ ಹಳೆಯ ಗುಣವನ್ನು ಅದರ ತುದಿಗೆ ಒಯ್ದ ವಿಧಾನ, ಮಾತಿನಲ್ಲಿ ವರದಿಯ ಹೊರತು ಏನೂ ಉಳಿದಿಲ್ಲ. ಸಣ್ಣ ಮನೆ, ಸಣ್ಣ ಆಂಟೆನಾ, ಸುತ್ತಲೂ ಚಾರ್ಜರು ಬಲ್ಬುಗಳ ಗದ್ದಲ ಇರುವವರಿಗೆ ಇದು ಆಕಾಶದ ಬಾಗಿಲು ತೆರೆದಿದೆ, ಆದ್ದರಿಂದ ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಆದರೆ ವರದಿ ಕೊಡುತ್ತಿರುವುದು ಕಿವಿಯಲ್ಲ. ಪ್ರತಿಧ್ವನಿ, ಧ್ರುವದ ಮೇಲಿಂದ ಬಂದ ಸಂಕೇತದ ಬಡಬಡಿಕೆ, ಎದುರಿನವನ ಕೈಯ ಲಯದಲ್ಲಿ ಗೊತ್ತಾಗುವ ಅವನ ವಯಸ್ಸು ಮತ್ತು ಆಯಾಸ, ಇವು ಯಾವುವೂ ಆ ಅಂಕೆಯೊಳಗೆ ಬರುವುದಿಲ್ಲ. ಕಳೆದುಹೋದದ್ದು ಏನೆಂದು ಯಾರಾದರೂ ಕೇಳಿದರೆ ನಾನು ಇದನ್ನು ಹೇಳುತ್ತೇನೆ.

2003ರಲ್ಲಿ ಜಿನೀವಾದಲ್ಲಿ ಸೇರಿದ ಜಾಗತಿಕ ರೇಡಿಯೊ ಸಮ್ಮೇಳನ ಮೋರ್ಸ್ ಪರೀಕ್ಷೆ ಕಡ್ಡಾಯವಲ್ಲ, ಅದು ಆಯಾ ದೇಶದ ಇಷ್ಟ ಎಂದು ತೀರ್ಮಾನಿಸಿದ್ದು ದೊಡ್ಡ ಸುದ್ದಿಯಾಯಿತು. ಹಳಬರು ಆ ಬಗ್ಗೆ ಇಂದಿಗೂ ವಾದ ಮಾಡುತ್ತಾರೆ. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲೂ ಬದಲಾದದ್ದನ್ನು ಹೆಚ್ಚಿನವರು ಗಮನಿಸಲಿಲ್ಲ. ತಂತಿ, ದೂರವಾಣಿಗೆ ಹೋಗುವಷ್ಟು ಮಹತ್ವವಿಲ್ಲದ ಮಾತು ಎಂಬ ಹಳೆಯ ಷರತ್ತನ್ನು ತೆಗೆದು, ಹವ್ಯಾಸದ ಉದ್ದೇಶಕ್ಕೆ ಸಂಬಂಧಿಸಿದ ಮಾತು ಮತ್ತು ವೈಯಕ್ತಿಕ ಮಾತು ಎಂದಷ್ಟೇ ಬರೆದರು. ಕಾಪಾಡಿಕೊಳ್ಳಬೇಕಾದ ತಂತಿಯ ಆದಾಯ ಅಷ್ಟರಲ್ಲಿ ಯಾವ ಸರಕಾರಕ್ಕೂ ಉಳಿದಿರಲಿಲ್ಲ. ನಿಯಮ ಸಡಿಲಗೊಂಡ ಮೇಲೂ ಹ್ಯಾಮ್‌ಗಳು ಮಾತಾಡುವ ವಿಷಯ ಬದಲಾಗಲಿಲ್ಲ ಎಂಬುದನ್ನು ನಾನು ಬಹಳ ಸಂತೋಷದಿಂದ ಗಮನಿಸಿದ್ದೇನೆ. ಇಪ್ಪತ್ತೈದನೆಯ ಸೌರಚಕ್ರ ತನ್ನ ಉತ್ತುಂಗದ ಹಂತ ತಲುಪಿದೆ ಎಂದು 2024ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಸಾರಿದರು. 10 ಮೀಟರ್ ಬ್ಯಾಂಡ್ ಮತ್ತೆ ತೆರೆದುಕೊಂಡಿತು. ಚಕ್ರ ಪೂರ್ತಿ ಇಳಿಯುವ ಮುನ್ನ, ಹಗಲು ಹೊತ್ತಿನಲ್ಲಿ, 28 ಮೆಗಾಹರ್ಟ್ಸ್‌ನ ಕೆಳತುದಿಯಲ್ಲಿ ಮೋರ್ಸ್‌ಗೂ 28.4ರ ಆಸುಪಾಸಿನಲ್ಲಿ ಮಾತಿಗೂ ರಿಸೀವರನ್ನು ನಿಲ್ಲಿಸಿದರೆ, ಯಾರೋ ಇಬ್ಬರು ತಮ್ಮ ಆಂಟೆನಾದ ಎತ್ತರವನ್ನೂ ಹೊರಗಿನ ಮಳೆಯನ್ನೂ ಹೇಳಿಕೊಳ್ಳುತ್ತಿರುವುದು ಕೇಳಿಸುತ್ತದೆ. ಕೇಳಲು ಪರವಾನಗಿ ಬೇಕೇ ಎಂಬುದನ್ನು ಆಯಾ ದೇಶದವರು ಮೊದಲು ವಿಚಾರಿಸಿಕೊಳ್ಳಬೇಕು. ಮೊದಲ ಕೆಲವು ದಿನ ಅಕ್ಷರಗಳ ಹಿಂದೆ ಓಡದೆ ದನಿ ಏರಿಳಿಯುವ ಬಗೆಯನ್ನಷ್ಟೇ ಕೇಳಿಸಿಕೊಂಡರೆ ಮುಂದಿನದು ಸುಲಭವಾಗುತ್ತದೆ.